ಕೈ ಸುಟ್ಟವನ ಸುತ್ತಮುತ್ತ

ನಮ್ಮ ಬೋನಾಳದಂಥ ಊರಲ್ಲಿ ಕೈಗಡ ಕೇಳಲು ಹೊರಟರೆ ಓಣಿಯ ಬಾಗಿಲೆಲ್ಲ ಮುಚ್ಚಿರುತ್ತವೆ. ಕೈ ಸುಟ್ಟುಕೊಂಡು ಒಮ್ಮೆ 'ಯವ್ವಾ!' ಅನ್ನಿ, ನೋಡಿ. ಅದೇ ಬಾಗಿಲುಗಳು ಒಂದೊಂದಾಗಿ ತೆರೆದು, ಪ್ರತಿ ಬಾಗಿಲಿನಿಂದ ಒಬ್ಬೊಬ್ಬ ವೈದ್ಯರು ಹೊರಬೀಳುತ್ತಾರೆ. ಒಬ್ಬರ ಕೈಯಲ್ಲಿ ಟೂತ್‌ಪೇಸ್ಟ್, ಇನ್ನೊಬ್ಬರ ಕೈಯಲ್ಲಿ ಅರಿಷಿಣದ ಡಬ್ಬಿ. ಮೂರನೆಯವರು ಬರಿಗೈಯಲ್ಲೇ ಬಂದು, ಸೀದಾ ನಮ್ಮ ಅಡುಗೆಮನೆಗೆ ನುಗ್ಗಿ, ನಮ್ಮದೇ ತುಪ್ಪ ಹುಡುಕುತ್ತಾರೆ. ಹಿಂದೆ ಶಾಯಿ ಹಚ್ಚುವ ಪದ್ಧತಿಯೂ ಇತ್ತು. ಬಾಲ್‌ಪೆನ್ನು ಬಂದ ಮೇಲೆ ಆ ಶಾಖೆ ಮುಚ್ಚಿತು. ಒಲೆಯ ಬೂದಿ, ಚಹಾಪುಡಿ, ಅಕ್ಕಿಹಿಟ್ಟು, ಸೀಮೆಎಣ್ಣೆ, ಲೋಳೆಸರ, ಮನೆದೇವರ ಭಂಡಾರ ಹೀಗೆ ಪಟ್ಟಿ ಬೆಳೆಯುತ್ತದೆ. ಸುಟ್ಟದ್ದು ಬೆರಳ ತುದಿಯಾದರೂ ಹಚ್ಚಿಸಿಕೊಳ್ಳಲು ಎರಡೂ ಮೊಳಕೈ ಬೇಕಾದೀತು.

ಇವರಲ್ಲಿ ಯಾರಿಗೂ ನಮ್ಮ ಮೇಲೆ ಹಗೆ ಇಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು. ಪೇಸ್ಟಿನಲ್ಲಿ ಪುದೀನದ ಸತ್ವ ಇರುತ್ತದೆ, ಹಚ್ಚಿದ ಕೂಡಲೇ ತಣ್ಣಗೆ ಅನಿಸುತ್ತದೆ. ಹಾಗಾಗಿ ಅದಕ್ಕೆ ವೈದ್ಯವೃತ್ತಿ ಸಿಕ್ಕಿತು. ಚರ್ಮದ ಒಳಗಿನ ಕಾವು ಮಾತ್ರ ಎಲ್ಲಿತ್ತೋ ಅಲ್ಲೇ ಇರುತ್ತದೆ, ಮೇಲೆ ಒಂದು ಬಿಳಿ ಗಿಲಾವು ಬೇರೆ ಬಿದ್ದಿರುತ್ತದೆ. ತುಪ್ಪದ ವಿಷಯವಂತೂ ವಿಚಿತ್ರ. ಇಬ್ಬರ ಜಗಳದ ನಡುವೆ ಮೂರನೆಯವ ಬಾಯಿ ಹಾಕಿದರೆ 'ಉರಿಯೋ ಬೆಂಕಿಗೆ ತುಪ್ಪ ಸುರೀಬ್ಯಾಡ' ಎನ್ನುವ ನಮ್ಮ ಚಿಗವ್ವ, ಸುಟ್ಟ ಕೈ ಕಂಡರೆ ಸಾಕು, ತುಪ್ಪದ ಗಿಂಡಿ ಹಿಡಿದೇ ಓಡಿ ಬರುತ್ತಾಳೆ. ಎಣ್ಣೆ ತುಪ್ಪದ ಜಿಡ್ಡು ಕಾವನ್ನು ಹೊರಗೆ ಹೋಗಲು ಬಿಡುವುದಿಲ್ಲ. ಮುಂದೆ ಡಾಕ್ಟರು ಗಾಯ ನೋಡಬೇಕೆಂದರೆ ಮೊದಲು ಈ ಜಿಡ್ಡನ್ನು ಒರೆಸಿ ತೆಗೆಯಬೇಕು, ಒರೆಸುವಾಗ ಆಗುವ ಉರಿ ಸುಟ್ಟಾಗಿನ ಉರಿಯನ್ನೇ ಮರೆಸುತ್ತದೆ.

ಇಷ್ಟು ಮಾತಾಡುವ ನನಗೂ ಈ ವಿಷಯದಲ್ಲಿ ಒಂದು ಅಧಿಕಾರವಿದೆ. ಮನೆಯಾಕೆ ತವರಿಗೆಂದು ಶಹಾಪುರಕ್ಕೆ ಹೋಗಿದ್ದಳು. ಹೋಗುವಾಗ ಕಟಿರೊಟ್ಟಿ, ಶೇಂಗಾ ಹಿಂಡಿ, ಮೊಸರು ಎಲ್ಲವನ್ನೂ ಇಟ್ಟೇ ಹೋಗಿದ್ದಳು. ಆದರೆ ಗಂಡಸಿಗೆ ಖಾಲಿ ಅಡುಗೆಮನೆ ಕಂಡರೆ ಒಂದು ಹುರುಪು ಹುಟ್ಟುತ್ತದೆ. ಬಿಸಿರೊಟ್ಟಿ ಮಾಡೋಣ ಅನಿಸಿತು. ಜೋಳದ ಹಿಟ್ಟು ನಾದಿದ್ದು, ಬಡಿದದ್ದು, ಬಡಿದದ್ದು ಹರಿದದ್ದು, ಹರಿದದ್ದನ್ನು ಮತ್ತೆ ಮುದ್ದೆ ಮಾಡಿದ್ದು, ಇವನ್ನೆಲ್ಲ ಇಲ್ಲಿ ಹೇಳಿ ಉಪಯೋಗವಿಲ್ಲ. ಕೊನೆಗೊಂದು ರೊಟ್ಟಿ ಹಂಚಿನ ಮೇಲೆ ಬಿತ್ತು. ಮೇಲೆ ನೀರು ಸವರಿದೆ. ತಿರುವಿ ಹಾಕಬೇಕು. ನಮ್ಮ ಮನೆಯಾಕೆ ಈ ಕೆಲಸಕ್ಕೆ ಯಾವ ಸಲಕರಣೆಯನ್ನೂ ಮುಟ್ಟುವುದಿಲ್ಲ. ಮಾತಾಡುತ್ತ, ನನ್ನನ್ನು ಬೈಯುತ್ತ, ಬೆರಳಿನಿಂದಲೇ ಅಂಚು ಎತ್ತಿ ತಿರುವಿ ಹಾಕುತ್ತಾಳೆ. ನಾನೂ ಬೆರಳನ್ನೇ ಇಟ್ಟೆ. ಅವಳ ಬೆರಳಿಗೆ ರೊಟ್ಟಿ ಎಲ್ಲಿ ಮುಗಿದು ಹಂಚು ಎಲ್ಲಿ ಶುರುವಾಗುತ್ತದೆ ಎಂಬುದು ಗೊತ್ತಿದೆ. ನನ್ನ ಮೂರು ಬೆರಳುಗಳು ಆ ಗಡಿಯನ್ನು ದಾಟಿ ಹೋಗಿ ಅದನ್ನು ಕಂಡುಕೊಂಡವು.

ಓಣಿಯ ವೈದ್ಯರು ಬಂದರು. ಚಿಗವ್ವ ಗಿಂಡಿಯೊಂದಿಗೆ ಬಂದಳು. ಅಷ್ಟರೊಳಗೆ ಕಲಬುರಗಿಯಲ್ಲಿ ನರ್ಸಿಂಗ್ ಓದುವ ನನ್ನ ಅಕ್ಕನ ಮಗನಿಗೆ ಎಡಗೈಯಲ್ಲೇ ಫೋನು ಹಚ್ಚಿದ್ದೆ.

'ಮಾವಾ, ಮೊದಲ ಕೈ ನೀರಾಗ ಹಿಡಿ.'

'ಹಿಡೀತೀನಪ್ಪ. ಆಮ್ಯಾಲ ಏನು ಹಚ್ಚಲಿ?'

'ಏನೂ ಹಚ್ಚಬ್ಯಾಡ. ಇಪ್ಪತ್ತು ನಿಮಿಷ ನೀರಾಗೇ ಇರ್ಲಿ.'

'ಅಷ್ಟೇನಾ?'

'ಅಷ್ಟೇ.'

ನನಗೆ ಅವಮಾನವಾಯಿತು. ಮನೆಯ ಹಣ ಖರ್ಚು ಮಾಡಿ ಓದುವ ಹುಡುಗ, ಹೇಳಿದ ಔಷಧ ನೀರು! ಚಿಗವ್ವನಿಗೆ ಇನ್ನೂ ಅವಮಾನವಾಯಿತು. 'ನೀರ ಹಾಕಿದ್ರ ಬೊಕ್ಕಿ ಏಳ್ತಾವ, ಕೀವ ತುಂಬತದ' ಎಂಬುದು ಅವಳ ವಾದ. ಈ ಮಾತನ್ನು ಅರ್ಧ ಕರ್ನಾಟಕ ನಂಬುತ್ತದೆ. ಬೊಕ್ಕಿ ಏಳುವುದು ನೀರಿನಿಂದಲ್ಲ, ಸುಟ್ಟದ್ದರಿಂದ. ನೀರು ಹಾಕಿದವರಿಗೂ ಎದ್ದಿರುತ್ತದೆ, ಹಾಕದವರಿಗೂ ಎದ್ದಿರುತ್ತದೆ. ಹಾಕಿದವರ ಮೇಲೆ ಮಾತ್ರ ಅಪವಾದ ಬರುತ್ತದೆ.

ನೀರಿಗೆ ಬೆಲೆ ಇಲ್ಲದಿರುವುದು ಬೇರೆ ಕಡೆ ಹೇಗೋ ಏನೋ, ನಮ್ಮೂರಿನಲ್ಲಂತೂ ಆಶ್ಚರ್ಯವಲ್ಲ. ಸುರಪುರದ ನಾಯಕ ಅರಸರ ಕಾಲದ ಕೆರೆ ಊರ ಮಗ್ಗುಲಿಗೇ ಇದೆ. ರಂಗನತಿಟ್ಟು ಬಿಟ್ಟರೆ ರಾಜ್ಯದಲ್ಲಿ ಇದೇ ದೊಡ್ಡ ಪಕ್ಷಿಧಾಮ ಎಂದು ನಾವು ಎದೆಯುಬ್ಬಿಸಿ ಹೇಳಿಕೊಳ್ಳುತ್ತೇವೆ. ಚಳಿಗಾಲದಲ್ಲಿ ಎಲ್ಲೆಲ್ಲಿಂದಲೋ ಬಾತುಗಳು ಬಂದು ಇಳಿಯುತ್ತವೆ. ನೀಲಿ ಮೈಯ ಜಂಬುಕೋಳಿಗಳು ಜೊಂಡಿನ ನಡುವೆ ಯಾರದೋ ಮದುವೆಗೆ ಬಂದವರ ಗತ್ತಿನಲ್ಲಿ ಓಡಾಡುತ್ತವೆ. ಇಷ್ಟು ನೀರನ್ನು ಕಣ್ಣೆದುರು ಇಟ್ಟುಕೊಂಡು ಬೆಳೆದವನಿಗೆ ನೀರನ್ನು ಔಷಧವೆಂದರೆ ನಂಬಿಕೆ ಹುಟ್ಟುವುದು ಕಷ್ಟ. ಟ್ಯೂಬಿನಲ್ಲಿ ತುಂಬಿ, ಮೇಲೆ ಬೆಂಕಿಯ ಚಿತ್ರ ಬರೆದು, ನಲವತ್ತು ರೂಪಾಯಿಗೆ ಮಾರಿದ್ದರೆ ನಂಬುತ್ತಿದ್ದೆವೋ ಏನೋ. (ಕೆರೆಗೇ ಓಡಿಹೋಗಿ ಕೈ ಅದ್ದಬೇಡಿ ಮತ್ತೆ. ಆ ನೀರು ಹಕ್ಕಿಗಳದ್ದು, ಎಮ್ಮೆಗಳದ್ದು. ಸುಟ್ಟ ಚರ್ಮಕ್ಕೆ ಕುಡಿಯುವಷ್ಟು ಚೊಕ್ಕ ನೀರೇ ಬೇಕು.)

ನೀರೇ ಯಾಕೆ ಎಂಬುದನ್ನು ಅಳಿಯ ಆಮೇಲೆ ರಜೆಗೆ ಬಂದಾಗ ನನಗೆ ತಿಳಿಸಿ ಹೇಳಿದ. ರೊಟ್ಟಿ ಮಾಡುವವರಿಗೆ ಇದು ಬೇಗ ತಿಳಿಯುತ್ತದೆ. ಒಲೆ ಆರಿಸಿದ ಮೇಲೂ ಹಂಚಿನ ಕಾವಿನಲ್ಲೇ ಕೊನೆಯ ರೊಟ್ಟಿ ಬೇಯುತ್ತದಲ್ಲ, ಚರ್ಮದ ಕಥೆಯೂ ಹಾಗೇ. ಬೆರಳನ್ನು ಹಂಚಿನಿಂದ ತೆಗೆದೆವು ಎಂದ ಮಾತ್ರಕ್ಕೆ ಸುಡುವುದು ನಿಲ್ಲುವುದಿಲ್ಲ. ಒಳಗೆ ಇಳಿದ ಕಾವು ಪದರ ಪದರವಾಗಿ ಕೆಳಗೆ ಹೋಗುತ್ತಲೇ ಇರುತ್ತದೆ. ಅದನ್ನು ಎಳೆದು ಹೊರಗೆ ಹಾಕಲು ನೀರಿಗಿಂತ ಸುಲಭದ ಸಾಧನ ಇಲ್ಲ. 20 ನಿಮಿಷ ಹರಿಯುವ ತಣ್ಣೀರು. ಕೂಡಲೇ ಆದರೆ ಬಹಳ ಒಳ್ಳೆಯದು, ತಡವಾದರೂ ಸುಟ್ಟು 3 ಗಂಟೆಯೊಳಗೆ ಹಾಕಿದರೆ ಉಪಯೋಗ ಇದ್ದೇ ಇದೆ. ಹಾಗಾದರೆ ಫ್ರಿಜ್ಜಿನ ಬರ್ಫ ಇನ್ನೂ ಒಳ್ಳೆಯದಲ್ಲವೇ ಎಂದು ಕೇಳಿದೆ. ನನ್ನ ಬುದ್ಧಿಗೆ ನಾನೇ ಮೆಚ್ಚಿಕೊಂಡ ಪ್ರಶ್ನೆ. ಅಲ್ಲವಂತೆ. ಬರ್ಫ ಇಟ್ಟರೆ ರಕ್ತನಾಳಗಳು ಸೆಟೆದುಕೊಂಡು, ಮೊದಲೇ ನೊಂದ ಚರ್ಮಕ್ಕೆ ರಕ್ತ ಬರುವುದು ಕಡಿಮೆಯಾಗಿ, ಗಾಯ ಇನ್ನಷ್ಟು ಆಳಕ್ಕೆ ಇಳಿಯುತ್ತದೆ.

20 ನಿಮಿಷ ಎಂದು ಬಾಯಲ್ಲಿ ಹೇಳುವುದು ಸುಲಭ. ನೀರಿನಲ್ಲಿ ಕೈ ಇಟ್ಟು ಕೂತು ನೋಡಿ, ಅದು ಎಷ್ಟು ಉದ್ದ ಅಂತ ಗೊತ್ತಾಗುತ್ತದೆ. ಮೊದಲ ಎರಡು ನಿಮಿಷಕ್ಕೆ ಉರಿ ಇಳಿಯುತ್ತದೆ, ಇಷ್ಟು ಸಾಕು ಅನಿಸುತ್ತದೆ. ಕೈ ಹೊರತೆಗೆಯುತ್ತೇವೆ. ಉರಿ ಕಾದು ಕೂತಿರುತ್ತದೆ, ವಾಪಸು ಬರುತ್ತದೆ. ಹೆಚ್ಚಿನವರು ಇಲ್ಲಿಯೇ 'ನೀರಿಂದ ಏನೂ ಆಗಲಿಲ್ಲ' ಎಂದು ತೀರ್ಮಾನಿಸಿ ಪೇಸ್ಟಿಗೆ ಹೋಗುವುದು. ನಾನು ಬಚ್ಚಲ ಕಟ್ಟೆಯ ಮೇಲೆ ಕೂತು ಸುರಪುರದ ಬಸ್ಸು ಹಾರ್ನು ಹಾಕಿ ಹೋಗುವುದನ್ನು ಕೇಳಿದೆ, ಗೋಡೆಯ ಮೇಲೆ ಹಲ್ಲಿ ಒಂದು ಹುಳವನ್ನು ಹೊಂಚುಹಾಕಿ ಕಳೆದುಕೊಂಡದ್ದನ್ನು ನೋಡಿದೆ, ಚಿಗವ್ವನ ಸೊಸೆಯ ಬಗ್ಗೆ ಚಿಗವ್ವ ಹೇಳಿದ್ದನ್ನೆಲ್ಲ ಕೇಳಿದೆ. ಕೈ ನೀರಿನಲ್ಲಿದ್ದವನು ಎದ್ದು ಹೋಗುವಂತಿಲ್ಲ ಎಂಬುದು ಅವಳಿಗೆ ಗೊತ್ತಿತ್ತು.

ಪುಸ್ತಕದಲ್ಲಿ 'ನಲ್ಲಿಯ ಕೆಳಗೆ ಹಿಡಿಯಿರಿ' ಎಂದು ಬರೆಯುವವರು ಏಪ್ರಿಲ್-ಮೇ ತಿಂಗಳಲ್ಲಿ ಯಾದಗಿರಿ ಜಿಲ್ಲೆಗೆ ಬಂದಿರಲಿಕ್ಕಿಲ್ಲ. ನಲ್ಲಿ ದಿನವಿಡೀ ಬರುವುದಿಲ್ಲ ಎಂಬುದು ಒಂದು ಮಾತು. ಮಾಳಿಗೆಯ ಮೇಲಿನ ಕರಿ ಸಿಂಟೆಕ್ಸಿನಿಂದ ಮಟಮಟ ಮಧ್ಯಾಹ್ನ ಬರುವ ನೀರಿನಲ್ಲಿ ಚಹಾಪುಡಿ ಹಾಕಿದರೆ ಬಣ್ಣ ಬಿಟ್ಟೀತು ಎಂಬುದು ಇನ್ನೊಂದು ಮಾತು. ಸುಟ್ಟ ಕೈಯನ್ನು ಅದರ ಕೆಳಗೆ ಹಿಡಿದವನ ಗತಿ ಏನು? ನಮ್ಮ ಕಡೆ ಇದಕ್ಕೆ ಹರವಿಯೇ ಸರಿ. ಮಣ್ಣಿನ ಹರವಿಯ ಸಣ್ಣ ರಂಧ್ರಗಳಿಂದ ನೀರು ಜಿನುಗಿ, ಆರಿ, ಆರುವಾಗ ಒಳಗಿನ ಕಾವನ್ನು ಹೊತ್ತುಕೊಂಡು ಹೋಗುತ್ತದೆ. ಫ್ರಿಜ್ಜಿನಷ್ಟು ಕೊರೆಯುವುದಿಲ್ಲ, ಸಿಂಟೆಕ್ಸಿನಷ್ಟು ಸುಡುವುದಿಲ್ಲ. ತಂಬಿಗೆಯಲ್ಲಿ ತೆಗೆದು ಸಣ್ಣಗೆ ಸುರಿಯುತ್ತ ಇದ್ದರೆ ಆಯಿತು. ಸುರಿದದ್ದು ಪೋಲಾಗದಂತೆ ಕೆಳಗೊಂದು ಬುಟ್ಟಿ ಇಟ್ಟರೆ ಸಂಜೆ ತುಳಸಿಗಿಡಕ್ಕಾಗುತ್ತದೆ. ಬೋಗುಣಿಯಲ್ಲಿ ನೀರು ತುಂಬಿ ಕೈ ಮುಳುಗಿಸಿಟ್ಟು, ಬೆಚ್ಚಗಾದಂತೆ ಬದಲಿಸುತ್ತ ಹೋದರೂ ನಡೆಯುತ್ತದೆ.

ನೀರಿಗೆ ಕೈ ಇಡುವ ಹೊತ್ತಿನಲ್ಲೇ ಮಾಡಬೇಕಾದ ಇನ್ನೊಂದು ಕೆಲಸವನ್ನು ನಾನು ನಡುವೆ ನೆನಪು ಮಾಡಿಕೊಂಡೆ. ಬೆರಳಲ್ಲಿ ಉಂಗುರವಿತ್ತು. ಸುಟ್ಟ ಜಾಗ ಕೆಲ ಹೊತ್ತಿನಲ್ಲಿ ಬಾತುಕೊಳ್ಳುತ್ತದೆ, ಆಮೇಲೆ ಉಂಗುರ, ಬಳೆ, ಕಡಗ ಯಾವುದೂ ಬರುವುದಿಲ್ಲ. ಕಾಲು ಸುಟ್ಟಿದ್ದರೆ ಕಾಲುಂಗುರ, ಗೆಜ್ಜೆ. ನಮ್ಮ ಪರಿಚಯದ ಹೆಣ್ಣುಮಗಳೊಬ್ಬಳು ಹೋಳಿಗೆಯ ಹೂರಣ ಕೈಮೇಲೆ ಬಿದ್ದು, ಮರುದಿನ ಪತ್ತಾರನಲ್ಲಿಗೆ ಹೋಗಿ ಉಂಗುರ ಕತ್ತರಿಸಿಕೊಂಡು ಬಂದಳು. ಗಾಯ ಮಾಯ್ದು ಕಲೆಯೂ ಹೋಯಿತು. ಕತ್ತರಿಸಿದ ಬಂಗಾರದಲ್ಲಿ ತೂಕ ಕಡಿಮೆ ಬಂದದ್ದರ ಮಾತು ಇಂದಿಗೂ ಹೋಗಿಲ್ಲ. ನನ್ನ ಉಂಗುರ ಸುಟ್ಟ ಕಾರಣಕ್ಕಲ್ಲದಿದ್ದರೂ ಮದುವೆಯಾದ ಮೇಲೆ ಬೆಳೆದ ಬೆರಳಿನ ಕಾರಣಕ್ಕೆ ಬರಲೊಲ್ಲದು. ಸೋಪು ಹಚ್ಚಿ, ಚಿಗವ್ವನೇ ಎಳೆದು ತೆಗೆದಳು. ಆ ಎಳೆತದ ಮುಂದೆ ಹಂಚು ಏನೂ ಅಲ್ಲ.

ಚಿಗವ್ವನ ಗಿಂಡಿಯನ್ನು ಹಗುರವಾಗಿ ನೋಡಬಾರದು. ಅದರ ಹಿಂದೆ ದೊಡ್ಡ ವಂಶಾವಳಿಯೇ ಇದೆ. ಸುಶ್ರುತ ಸಂಹಿತೆಯ ಸೂತ್ರಸ್ಥಾನದಲ್ಲಿ ಸುಟ್ಟ ಗಾಯವನ್ನು ಪ್ಲುಷ್ಟ, ದುರ್ದಗ್ಧ, ಸಮ್ಯಗ್ದಗ್ಧ, ಅತಿದಗ್ಧ ಎಂದು ನಾಲ್ಕು ಮಾಡಿ ಹೇಳಿದ್ದಾರೆ. ತುಪ್ಪ ಬೆರೆಸಿದ ಲೇಪಗಳು ಅಲ್ಲಿವೆ. ಬರೀ ಮೇಲ್ಮೈ ಕಂದಿದ ಪ್ಲುಷ್ಟಕ್ಕೆ ಬಿಸಿ ಕಾಸುವುದನ್ನೇ ಹೇಳಿದ್ದಾರೆ ಎಂದರೆ ನಿಮಗೆ ನಗು ಬಂದೀತು. ಸುಟ್ಟ ಬೆರಳನ್ನು ಒಲೆಗೇ ತೋರಿಸುವ ಮುದುಕಿಯರು ನಮ್ಮಲ್ಲಿ ಇದ್ದರಲ್ಲ, ಅವರು ಸುಶ್ರುತರ ಕಡೆಯವರು. ನಾಲ್ಕು ಬಗೆಯಾಗಿ ನೋಡುವ ಆ ಕಣ್ಣನ್ನು ಇಂದಿನವರೂ ಒಪ್ಪುತ್ತಾರೆ, ಕಾಸುವುದನ್ನು ಮಾತ್ರ ಕೈಬಿಟ್ಟಿದ್ದಾರೆ.

ಸುಟ್ಟ ಗಾಯಕ್ಕೆ ಉಳ್ಳಾಗಡ್ಡಿ ಹಚ್ಚಿದ ಕಥೆ ಇನ್ನೂ ಚಂದ. 16ನೇ ಶತಮಾನದಲ್ಲಿ ಫ್ರಾನ್ಸಿನಲ್ಲಿ ಆಂಬ್ರೋಸ್ ಪಾರೆ ಎಂಬ ಶಸ್ತ್ರವೈದ್ಯನಿದ್ದ. ಅಡುಗೆಮನೆಯ ಹುಡುಗನೊಬ್ಬ ಕುದಿಯುವ ಎಣ್ಣೆಯ ಕೊಪ್ಪರಿಗೆಗೆ ಬಿದ್ದನೆಂದು ಔಷಧ ತರಲು ಅಂಗಡಿಗೆ ಹೋದರೆ, ಅಲ್ಲಿ ನಿಂತಿದ್ದ ಹಳ್ಳಿಯ ಮುದುಕಿಯೊಬ್ಬಳು 'ಉಪ್ಪು ಹಾಕಿ ಉಳ್ಳಾಗಡ್ಡಿ ಜಜ್ಜಿ ಹಚ್ಚು' ಎಂದಳಂತೆ. ಪಾರೆ ಮುದುಕಿಯನ್ನು ಗದರಿಸಲಿಲ್ಲ, ಕಣ್ಣುಮುಚ್ಚಿ ನಂಬಲೂ ಇಲ್ಲ. ಒಂದು ಭಾಗಕ್ಕೆ ಉಳ್ಳಾಗಡ್ಡಿ, ಉಳಿದದ್ದಕ್ಕೆ ಮಾಮೂಲು ಔಷಧ ಹಚ್ಚಿ, ಎಲ್ಲಿ ಬೊಕ್ಕಿ ಏಳುತ್ತದೆ ನೋಡೋಣ ಎಂದು ಕಾದ. ಉಳ್ಳಾಗಡ್ಡಿ ಹಚ್ಚಿದ ಕಡೆ ಬೊಕ್ಕಿ ಏಳಲಿಲ್ಲವೆಂದು ಬರೆದಿಟ್ಟಿದ್ದಾನೆ. ಒಬ್ಬ ಹುಡುಗನ ಮೈಮೇಲೆ ಕಂಡದ್ದನ್ನು ಹಿಡಿದು ಇವತ್ತು ಯಾರೂ ಉಳ್ಳಾಗಡ್ಡಿ ಹಚ್ಚುವುದಿಲ್ಲ, ನೀವೂ ಹಚ್ಚಬೇಡಿ. ಮುದುಕಿಯ ಮಾತಿಗೆ ಮರ್ಯಾದೆ ಕೊಡುವ ಅವನ ರೀತಿ ಮಾತ್ರ ನನಗೆ ಇಷ್ಟವಾಯಿತು. ಹೌದೆನ್ನುವ ಮೊದಲೂ ಅಲ್ಲವೆನ್ನುವ ಮೊದಲೂ ಹಚ್ಚಿ ನೋಡಿದ.

ಅಂಥವರು ನಮ್ಮ ಹತ್ತಿರದಲ್ಲೂ ಇದ್ದರು. ಯಾದಗಿರಿಯಲ್ಲಿ ಮುಂಬೈ ಕಡೆಯ ರೈಲು ಹತ್ತಿದರೆ ವಾಡಿ, ಕಲಬುರಗಿ ದಾಟಿ ಸೊಲ್ಲಾಪುರ. ಕನ್ನಡ ಮಾತಾಡಿಕೊಂಡೇ ಪೇಟೆ ಮುಗಿಸಿಬರಬಹುದಾದ ಊರು. ಅಲ್ಲಿನ ವೈದ್ಯಕೀಯ ಕಾಲೇಜಿನ ಡಾ. ಎಂ. ಸುಬ್ರಹ್ಮಣ್ಯಂ ಎಂಬ ಶಸ್ತ್ರವೈದ್ಯರು ಸುಟ್ಟ ಗಾಯದ 104 ರೋಗಿಗಳನ್ನು ಎರಡು ಪಾಲು ಮಾಡಿ, ಅರ್ಧ ಜನಕ್ಕೆ ಜೇನುತುಪ್ಪದ ಪಟ್ಟಿ, ಅರ್ಧ ಜನಕ್ಕೆ ಆಗ ಎಲ್ಲ ಆಸ್ಪತ್ರೆಗಳಲ್ಲೂ ಬಳಸುತ್ತಿದ್ದ ಬೆಳ್ಳಿಯ ಅಂಶದ ಸಲ್ಫಾ ಮುಲಾಮು ಹಾಕಿ ನೋಡಿದರು. ಜೇನಿನವರು ಬೇಗ ವಾಸಿಯಾದರು. 1991ರಲ್ಲಿ ಅದು ಇಂಗ್ಲೆಂಡಿನ ಶಸ್ತ್ರವೈದ್ಯರ ಪತ್ರಿಕೆಯಲ್ಲಿ ಅಚ್ಚಾಯಿತು. ಮುಂಬೈಯ ಡಾ. ಕೇಸ್ವಾನಿಯವರು 1980ರ ದಶಕದಲ್ಲಿ ಬೇಯಿಸಿದ ಆಲೂಗಡ್ಡೆಯ ಸಿಪ್ಪೆಯನ್ನು ಬಟ್ಟೆಪಟ್ಟಿಗೆ ಅಂಟಿಸಿ ಗಾಯಕ್ಕೆ ಕಟ್ಟುವ ವಿಧಾನ ಕಂಡುಹಿಡಿದಿದ್ದರು. ಬಡವರ ಆಸ್ಪತ್ರೆಯಲ್ಲಿ ದುಬಾರಿ ಪಟ್ಟಿ ಎಲ್ಲಿಂದ ತರಬೇಕು, ಹೋಟೆಲುಗಳು ಎಸೆಯುವ ಸಿಪ್ಪೆ ಬೇಕಾದಷ್ಟಿದೆ. 1996ರಲ್ಲಿ ಸೊಲ್ಲಾಪುರದ ಜೇನನ್ನೂ ಮುಂಬೈಯ ಸಿಪ್ಪೆಯನ್ನೂ ಎದುರುಬದುರು ನಿಲ್ಲಿಸಿ ಪರೀಕ್ಷೆ ಮಾಡಿದರು, ಜೇನು ಗೆದ್ದಿತು. ಬಾಳೆಎಲೆಯೂ ಮುಂಬೈಯಲ್ಲೇ 2003ರ ಸುಮಾರಿಗೆ ಪರೀಕ್ಷೆ ಬರೆದು ಪಾಸಾಗಿದೆ. ಗಾಯಕ್ಕೆ ಅಂಟುವುದಿಲ್ಲ, ಬಿಚ್ಚುವಾಗ ನೋವಾಗುವುದಿಲ್ಲ ಎಂಬುದು ಅದರ ಹೆಚ್ಚುಗಾರಿಕೆ.

ಇದನ್ನು ಚಿಗವ್ವನಿಗೆ ಓದಿ ಹೇಳಿದರೆ 'ನೋಡಿದ್ಯಾ, ನಾ ಹೇಳಿದ್ದಿಲ್ಲೇನು' ಎಂದು ನಾಳೆಯೇ ಆಲೂಗಡ್ಡೆ ಹೆರೆಯಲು ಕೂರುತ್ತಾಳೆ ಎಂದು ಸುಮ್ಮನಿದ್ದೇನೆ. ಅವರು ಮಾಡಿದ್ದು ಆಸ್ಪತ್ರೆಯಲ್ಲಿ, ಗಾಯ ತೊಳೆದು, ಸಿಪ್ಪೆ ಎಲೆಗಳನ್ನು ಶುದ್ಧ ಮಾಡಿ, ದಿನಾ ಬಿಚ್ಚಿ ನೋಡುತ್ತ. ನಮ್ಮ ಮನೆಯ ಜೇನಿನ ಬಾಟಲಿಯಲ್ಲಿ ಎಷ್ಟು ಜೇನು, ಎಷ್ಟು ಬೆಲ್ಲದ ಪಾಕ, ಎಷ್ಟು ಇರುವೆ ಎಂಬುದನ್ನು ಮಾರಿದವನೂ ಹೇಳಲಾರ. ಮೇಲಾಗಿ ಅವೆಲ್ಲ ಕಾವು ಹೋದ ಮೇಲಿನ ಉಪಚಾರ. ನೀರಿನ ಜಾಗದಲ್ಲಿ ಕೂರುವಂಥವಲ್ಲ. ಆ ಬೆಳ್ಳಿ ಮುಲಾಮಿಗೂ ಈಗ ಮೊದಲಿನ ಮಾನ ಉಳಿದಿಲ್ಲ, ಸಣ್ಣಪುಟ್ಟ ಗಾಯಕ್ಕೆ ಅದು ವಾಸಿಯಾಗುವುದನ್ನೇ ತಡಮಾಡುತ್ತದೆ ಎನ್ನುವ ಡಾಕ್ಟರುಗಳು ಹೆಚ್ಚಾಗಿದ್ದಾರೆ.

ಸಂಜೆಯ ಹೊತ್ತಿಗೆ ನನ್ನ ನಡುಬೆರಳಿಗೆ ಬೊಕ್ಕಿ ಎದ್ದಿತ್ತು. ದುಂಡಗೆ, ತಿಳಿಯಾಗಿ, ಒಳಗಿನ ನೀರು ಬೆಳಕಿಗೆ ಹೊಳೆಯುತ್ತಿತ್ತು. ಮನುಷ್ಯನಿಗೆ ಬೊಕ್ಕಿ ಕಂಡರೆ ಸೂಜಿ ನೆನಪಾಗುವುದು ಯಾಕೋ ತಿಳಿಯದು. ಓಣಿಯಲ್ಲಿ ಸುದ್ದಿ ಮುಟ್ಟಿದ ಮೂವರು ಸೂಜಿಯನ್ನು ದೀಪಕ್ಕೆ ಹಿಡಿದು ಕಾಸಿಕೊಂಡೇ ಬಂದರು. ಒಡೆಯಬಾರದು. ಬೊಕ್ಕಿಯ ಮೇಲಿನ ಆ ತೆಳು ಚರ್ಮವೇ ಒಳಗಿನ ಹಸಿ ಮೈಗೆ ಹೊದಿಕೆ. ಅಂಥ ಪಟ್ಟಿಯನ್ನು ಯಾವ ಕಂಪನಿಯೂ ಮಾಡಿಲ್ಲ. ತಾನಾಗಿ ಒಡೆದರೆ ತಿಳಿ ಸೋಪುನೀರಿನಲ್ಲಿ ತೊಳೆದು ಮುಚ್ಚಬೇಕು. ಮುಚ್ಚುವುದಕ್ಕೆ ನಮ್ಮ ಮನೆಗಳಲ್ಲಿ ಥಟ್ಟನೆ ಕೈಗೆ ಸಿಗುವುದು ಹತ್ತಿ. ಶಹಾಪುರ, ಸುರಪುರದ ಹೊಲಗಳಲ್ಲಿ ಹತ್ತಿಗೆ ಬರವೇ? ಆದರೆ ಹತ್ತಿಯ ಎಳೆಗಳು ಗಾಯಕ್ಕೆ ಕಚ್ಚಿಕೊಂಡರೆ ಬಿಡಿಸಲು ಹೋಗಿ ಹೊಸ ಚರ್ಮವೂ ಕಿತ್ತುಬರುತ್ತದೆ. ಒಗೆದು ಬಿಸಿಲಿಗೆ ಒಣಗಿಸಿದ ಹಳೆ ಧೋತರದ ತುಂಡು, ಅಂಗಡಿಯ ಗಾಜ್ ಪಟ್ಟಿ, ಅಡುಗೆಮನೆಯಲ್ಲಿ ತಿಂಡಿ ಮುಚ್ಚುವ ತೆಳು ಪ್ಲಾಸ್ಟಿಕ್ ಹಾಳೆ ಯಾವುದಾದರೂ ಆದೀತು, ಸಡಿಲವಾಗಿ ಹೊದಿಸಬೇಕು. ನೋವಿಗೆ ಪ್ಯಾರಾಸಿಟಮಾಲ್. ಧನುರ್ವಾಯು ಇಂಜೆಕ್ಷನ್ ಹಾಕಿಸಿ ಬಹಳ ಕಾಲವಾಗಿದ್ದರೆ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಬೇಕು. ಬರೀ ಕೆಂಪಗಾದ ಗಾಯ ಒಂದು ವಾರದಲ್ಲಿ ಸಿಪ್ಪೆ ಬಿಟ್ಟು ಹೋಗುತ್ತದೆ, ಬೊಕ್ಕಿ ಎದ್ದದ್ದು ಎರಡು ಮೂರು ವಾರ ತೆಗೆದುಕೊಳ್ಳುತ್ತದೆ. ಅಷ್ಟರಲ್ಲಿ ಪ್ರತಿಯೊಬ್ಬರೂ ಬಾಯಿ ಹತ್ತಿರ ತಂದು ಉಫ್ ಎಂದು ಊದುವುದನ್ನು ತಪ್ಪಿಸುವುದೇ ದೊಡ್ಡ ಕೆಲಸ. ಊದುವವರ ಬಾಯಲ್ಲಿ ಎಲೆಅಡಿಕೆ ಇದ್ದರೆ ಇನ್ನೂ ದೊಡ್ಡ ಕೆಲಸ.

ಮಾತು ಉರಿಯ ಮೇಲೆ ಬಂತು. ನಮ್ಮ ಭಾಗದಲ್ಲಿ ಹತ್ತಿಯ ಜೊತೆ ಮೆಣಸಿನಕಾಯಿಯನ್ನೂ ಬೆಳೆಯುತ್ತೇವೆ. ಮೆಣಸಿನಕಾಯಿ ಬಿಡಿಸಿದ ಹೆಣ್ಣುಮಕ್ಕಳು ರಾತ್ರಿಯಿಡೀ 'ಕೈ ಸುಡ್ತಾವ' ಎಂದು ಒದ್ದಾಡುವುದನ್ನು ನೋಡಿದ್ದೇನೆ. ಸುಟ್ಟ ಗುರುತು ಒಂದೂ ಇರುವುದಿಲ್ಲ. ಅವರು ಸುಳ್ಳು ಹೇಳುತ್ತಿರಲಿಲ್ಲ. ನಮ್ಮ ನರಗಳ ತುದಿಯಲ್ಲಿ ಕಾವನ್ನು ಅರಿಯುವ ಬಾಗಿಲೊಂದಿದೆ. ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದು ತೆರೆದು ಮಿದುಳಿಗೆ 'ಸುಡುತ್ತಿದೆ' ಎಂದು ಸುದ್ದಿ ಹೋಗುತ್ತದೆ. ಮೆಣಸಿನಕಾಯಿಯ ಖಾರ ಅದೇ ಬಾಗಿಲನ್ನು ಕಳ್ಳಕೀಲಿ ಹಾಕಿ ತೆರೆಯುತ್ತದೆ. ಇದನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಬಹುಮಾನ ಪಾಲಿಗೆ ಬಂತು. ಖಾರ ನೀರಿನಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ. ಆದ್ದರಿಂದ ಎಣ್ಣೆ ಸವರಿ ಆಮೇಲೆ ಸೋಪಿನಿಂದ ತೊಳೆಯಬೇಕು. ಚಿಗವ್ವನ ಗಿಂಡಿಗೆ ಕೊನೆಗೂ ಒಂದು ಕಡೆ ಕೆಲಸ ಸಿಕ್ಕಿದ್ದಕ್ಕೆ ನನಗೆ ಸಂತೋಷವೇ ಆಯಿತು. ಅಂದಹಾಗೆ ಆ 43 ಡಿಗ್ರಿ ಎಂಬುದು ನಮ್ಮ ಮೇ ತಿಂಗಳಿನ ಮಧ್ಯಾಹ್ನದ ಅಂಕಿಯೂ ಹೌದು. 'ಹೊರಗ ಸುಡ್ಲತ್ತದ' ಎಂದು ನಾವು ಅಂದರೆ ಬೆಂಗಳೂರಿನ ನೆಂಟರು ಅಲಂಕಾರ ಎಂದುಕೊಳ್ಳುತ್ತಾರೆ.

ನಮ್ಮ ತಾಲೂಕಿನ ಗಂಡುಮಕ್ಕಳನ್ನು ಗುರುತಿಸಲು ಆಧಾರ್ ಕಾರ್ಡು ಬೇಡ, ಬಲಗಾಲಿನ ಮೀನಖಂಡದ ಒಳಮಗ್ಗುಲು ನೋಡಿದರೆ ಸಾಕು. ಹೊಲದಿಂದ ಬಂದು, ಲುಂಗಿ ಮೇಲೆತ್ತಿ ಕಟ್ಟಿ, ಅಣ್ಣನ ಬೈಕಿನಿಂದ ಅವಸರದಲ್ಲಿ ಬಲಕ್ಕೆ ಇಳಿದವರಿಗೆಲ್ಲ ಅಲ್ಲೊಂದು ಉದ್ದನೆಯ ಸೈಲೆನ್ಸರ್ ಕಲೆ. ಈ ಸುಟ್ಟ ಗಾಯ ಸಣ್ಣದೆಂದು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಬಿಸಿ ಲೋಹ ನೋಡನೋಡುತ್ತಲೇ ಆಳಕ್ಕೆ ಇಳಿಯುತ್ತದೆ, ಮೇಲಿಂದ ರಸ್ತೆಯ ಧೂಳು, ಗದ್ದೆಯ ಕೆಸರು. ನಾರಾಯಣಪುರ ಕಾಲುವೆ ಬಂದು ಭತ್ತ ನಾಟಿ ಶುರುವಾದ ಮೇಲೆ ಕೆಸರಿಗೇನೂ ಕೊರತೆ ಇಲ್ಲ. ಗಾಯದ ಸುತ್ತ ಕೆಂಪು ಹರಡಿತು, ಕೀವು ಬಂತು, ಜ್ವರ ಬಂತು ಎಂದರೆ ಕಾಯಬಾರದು. ಸಕ್ಕರೆ ಕಾಯಿಲೆ ಇದ್ದವರು ಅಷ್ಟೂ ಕಾಯಬಾರದು.

ಇಷ್ಟು ಹೊತ್ತು ಹರಟಿದ್ದೆಲ್ಲ ಸಣ್ಣ ಗಾಯದ ಮಾತು. ಸಣ್ಣದು ಎಂದರೆ ಎಷ್ಟು? ಅವರವರ ಅಂಗೈಯೇ ಅಳತೆ. ಬೆರಳು ಸೇರಿಸಿದ ಅಂಗೈ ಮೈಯ ನೂರರಲ್ಲಿ ಒಂದು ಪಾಲು. ಗಾಯ ಅದಕ್ಕಿಂತ ದೊಡ್ಡದಿದ್ದರೆ, ಮುಖಕ್ಕೆ, ಕೈಗೆ, ಪಾದಕ್ಕೆ, ಕೀಲಿಗೆ, ಗುಪ್ತಾಂಗಕ್ಕೆ ಬೊಕ್ಕಿ ಎದ್ದಿದ್ದರೆ, ಸುಟ್ಟದ್ದು ಕೂಸು ಅಥವಾ ಮುಪ್ಪಿನವರಾದರೆ ನೀರು ಹಾಕುತ್ತಲೇ ಆಸ್ಪತ್ರೆಯ ದಾರಿ ಹಿಡಿಯಬೇಕು. ನನ್ನ ಬೆರಳನ್ನೂ ಮರುದಿನ ಅಳಿಯನ ಬೈಗುಳಕ್ಕೆ ಹೆದರಿ ತೋರಿಸಿಕೊಂಡು ಬಂದೆ. ಎಲ್ಲಕ್ಕಿಂತ ಮೋಸದ್ದು ನೋವಿಲ್ಲದ ಗಾಯ. ಬೆಳ್ಳಗೆ ಅಥವಾ ಕಪ್ಪಗೆ, ತೊಗಲಿನಷ್ಟು ಗಡುಸಾಗಿ, ಮುಟ್ಟಿದರೂ ನೋಯದಿದ್ದರೆ 'ಪುಣ್ಯಕ್ಕೆ ನೋವಿಲ್ಲ' ಎನ್ನಬೇಡಿ. ನೋವು ಹೇಳುವ ನರಗಳೇ ಸುಟ್ಟಿರುತ್ತವೆ. ಪಂಪ್‌ಸೆಟ್ಟಿನ ಕರೆಂಟು ಹೊಡೆದಾಗ ಹೊರಗೆ ಕಡಲೆಯಷ್ಟು ಗುರುತು ಕಂಡರೂ ಒಳಗೆ ಎಷ್ಟು ಸುಟ್ಟಿದೆಯೋ, ಹೃದಯಕ್ಕೆ ಏನಾಗಿದೆಯೋ ಕಣ್ಣಿಗೆ ಕಾಣುವುದಿಲ್ಲ. ಮೊದಲು ಕರೆಂಟು ತೆಗೆದು, ಆಮೇಲೆ ಮನುಷ್ಯನನ್ನು ಮುಟ್ಟಿ, 108ಕ್ಕೆ ಫೋನು ಮಾಡಬೇಕು. ಸುಣ್ಣದ ಪುಡಿ ಬಿದ್ದರೆ ಒಣಗಿದ್ದಾಗಲೇ ಝಾಡಿಸಿ, ಆಮೇಲೆ ಧಾರಾಳವಾಗಿ ನೀರು. ಬಟ್ಟೆಗೆ ಬೆಂಕಿ ಹತ್ತಿದರೆ ಓಡಬಾರದು, ಓಡಿದರೆ ಗಾಳಿಗೆ ಉರಿ ಹೆಚ್ಚುತ್ತದೆ. ನೆಲಕ್ಕೆ ಬಿದ್ದು ಉರುಳಬೇಕು, ಕಂಬಳಿ ಹೊದಿಸಬೇಕು. ಚರ್ಮಕ್ಕೆ ಅಂಟಿದ ಬಟ್ಟೆಯನ್ನು ಎಳೆಯಬಾರದು.

ಬೆಂಕಿಯ ಜೊತೆ ಸಲಿಗೆಯಿಂದ ಇರುವವರನ್ನು ನೋಡಬೇಕೆಂದರೆ ಮೊಹರಮ್ಮಿಗೆ ನಮ್ಮ ಕಡೆಯ ಹಳ್ಳಿಗಳಿಗೆ ಬರಬೇಕು. ಅಲಾಯಿ ಕುಣಿಯಲ್ಲಿ ಕೆಂಡ ನಿಗಿನಿಗಿ ಅನ್ನುತ್ತಿರುತ್ತದೆ. ಹಿಂದೂಗಳು, ಮುಸಲ್ಮಾನರು ಒಟ್ಟಿಗೇ ಸುತ್ತ ಹೆಜ್ಜೆ ಹಾಕುತ್ತಾರೆ, ಅಲಾಯಿ ದೇವರು ಹಿಡಿದವರು ಕೆಂಡ ಹಾಯುತ್ತಾರೆ. ಮರುದಿನ ಹೊಲಕ್ಕೂ ಹೋಗುತ್ತಾರೆ. ಬೂದಿ ಮುಚ್ಚಿದ ಕೆಂಡ ಕಾವನ್ನು ನಿಧಾನಕ್ಕೆ ಬಿಡುತ್ತದೆ, ಹೆಜ್ಜೆ ಅದಕ್ಕಿಂತ ಬೇಗ ಎದ್ದಿರುತ್ತದೆ ಎಂಬುದು ವಿಜ್ಞಾನದವರ ಲೆಕ್ಕ. ಭಕ್ತಿಯ ಲೆಕ್ಕ ಬೇರೆ ಇದೆ, ಎರಡಕ್ಕೂ ನಾನು ಜಗಳ ಹಚ್ಚಲಾರೆ. ಒಂದು ಹೆಜ್ಜೆ ತಡವಾಗಿ ಪಾದಕ್ಕೆ ಬೊಕ್ಕಿ ಎದ್ದವರೂ ಇದ್ದಾರೆ. ಅವರು ಮಾತ್ರ ಯಾರಿಗೂ ತೋರಿಸುವುದಿಲ್ಲ, 'ಈ ವರ್ಷ ನೇಮ ಕಡಿಮಿ ಬಿತ್ತು' ಎಂದಾರು ಎಂಬ ಹೆದರಿಕೆ. ಪಾದದ ಗಾಯವನ್ನು ಮುಚ್ಚಿಡಬಾರದು ಎಂದು ಅಂಥವರಿಗೆ ಮನೆಯವರಾದರೂ ಕಿವಿಯಲ್ಲಿ ಹೇಳಬೇಕು.

ದಿನಾ ಬೆಂಕಿಯ ಎದುರು ನಿಂತು ಹೊಟ್ಟೆ ಹೊರೆಯುವ ಇನ್ನೊಬ್ಬನನ್ನು ತಿಂಥಣಿ ಮೌನೇಶ್ವರ ಜಾತ್ರೆಯಲ್ಲಿ ಕಂಡೆ. ಮಿರ್ಚಿ ಭಜಿಯ ಅಂಗಡಿಯವ. ಕಾದ ಎಣ್ಣೆಗೆ ಹಿಟ್ಟು ಮೆತ್ತಿದ ಮೆಣಸಿನಕಾಯಿಗಳನ್ನು ಸಾಲಾಗಿ ಬಿಡುತ್ತಿದ್ದ. ಮುಂಗೈ ಮೇಲೆ ಎಣ್ಣೆ ಸಿಡಿದ ಹಳೆ ಚುಕ್ಕೆಗಳು ಒತ್ತೊತ್ತಾಗಿದ್ದವು. ನಾನು ನೋಡುತ್ತಿದ್ದಂತೆ ಮತ್ತೊಂದು ಸಿಡಿಯಿತು. ಆತ ಯಾರನ್ನೂ ಕರೆಯಲಿಲ್ಲ, ಏನನ್ನೂ ಹಚ್ಚಲಿಲ್ಲ. ಮಗ್ಗುಲಲ್ಲಿದ್ದ ನೀರಿನ ಬಕೆಟಿಗೆ ಮೊಳಕೈವರೆಗೆ ಬಲಗೈ ಇಳಿಬಿಟ್ಟು, ಎಡಗೈಯಿಂದ ಝಾರಿ ಆಡಿಸುತ್ತ ನಿಂತ. ಇವನ ಹತ್ತಿರ ನರ್ಸಿಂಗ್ ಓದುವ ಅಳಿಯ ಇದ್ದಂತೆ ಕಾಣಲಿಲ್ಲ. ಕುತೂಹಲ ತಡೆಯದೆ ಕೇಳಿದೆ.

'ಎಷ್ಟೊತ್ತು ಹಿಂಗ ನೀರಾಗ ಇಡ್ತೀರಿ, ಅಣ್ಣಾ?'

'ಗಿರಾಕಿ ಕರಿಯೋ ತನಕ ರೀ.'

ಸರಿ, ನನ್ನ ಒಂದು ಪ್ಲೇಟಿನ ಮಾತನ್ನು ನಾಲಿಗೆಯ ಮೇಲೇ ತಡೆದು ಹಿಡಿದು, ಗಡಿಯಾರ ನೋಡುತ್ತ ನಿಂತೆ. ನನ್ನ ಹಿಂದೆ ನಿಂತಿದ್ದ ದೇವದುರ್ಗದ ಕಡೆಯವರು ಅಷ್ಟು ಹೊತ್ತು ತಡೆಯಲಿಲ್ಲ. ಆರು ಪ್ಲೇಟು, ಜಲ್ದಿ, ಬಸ್ಸಿಗೆ ಹೊತ್ತಾಗಿದೆ ಎಂದರು.